ನಲವತ್ತೊಂದನೇ ಹಾಳೆ

ಮೊದಲು ಎಲೆ ನೋಡಿ, ಅಂದೆ ಮಕ್ಕಳಿಗೆ.
ಹೂವು ದಾರಿಹೋಕರನ್ನೆಲ್ಲ ಕರೆಯುತ್ತೆ,
ಎಲೆ ಕೇಳಿದವರಿಗಷ್ಟೇ ಹೆಸರು ಹೇಳುತ್ತೆ.
(ಪ್ರತಿ ವರ್ಷ ಇದನ್ನೇ ಹೇಳುತ್ತೇನೆ,
ಕೇಳೋದಕ್ಕೆ ಚೆನ್ನಾಗಿದೆ.)

ಅಂಬಾಜಿದುರ್ಗದ ಬುಡ. ಮಾರ್ಚಿನ ಕೊನೆಯ ಶನಿವಾರ.
ಹತ್ತು ಗಂಟೆಗೇ ಬಂಡೆ ಚಪ್ಪಲಿ ಸುಡುವಷ್ಟು ಕಾದಿತ್ತು.
ಬಂದರಿಕೆ, ತಂಗಡಿ, ಎಲ್ಲೆಲ್ಲೂ ನುಗ್ಗಿದ ಲಂಟಾನ,
ಅದರ ಸಂದಿಯಲ್ಲಿ ಎದೆಮಟ್ಟದ ಒಂದು ಪೊದೆ
ತಲೆತುಂಬ ಬಿಳಿ ಗೊಂಚಲು ಹೊತ್ತು.

ಎಲೆ ಎದುರುಬದುರು, ಬರ್ಕೊಳ್ಳಿ.
ಎರಡು ತೊಟ್ಟಿನ ನಡುವೆ
ಮುಕ್ಕೋನದ ಪುಟ್ಟ ಪೊರೆ, ಅಂದರೆ ಕಾಫಿಯ ನೆಂಟ.
ಹೂವಿಗೆ ದಾರದಂಥ ಕೊಳವೆ, ತುದಿಗೆ ನಾಲ್ಕೇ ಎಸಳು.
ಅಂದಮೇಲೆ, ಗೊರವಿ.
ಇಪ್ಪತ್ತಾರು ವರ್ಷದಿಂದ ಗೊರವಿ.

ಬೋರ್ಡಿನ ಮೇಲಿನದನ್ನು ಒಂದು ದಿನವೂ ಪೂರ್ತಿ ಬರೆದುಕೊಳ್ಳದ ಮುನಿಕೃಷ್ಣ
ಒಂದೆಲೆ ಕಿತ್ತು, ಅದರಲ್ಲಿ ಸೂರ್ಯನನ್ನು ಮುಚ್ಚಿ,
'ಮಿಸ್, ಈ ಎಲೆಗೆ ಅಮ್ಮ ಆಗವ್ಳೆ' ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕು ಇಸಕೊಂಡೆ,
ಎತ್ತಿ ಹಿಡಿದೆ ಬೆಳಕಿಗೆ.

ನರಗಳ ನಡುವೆ, ಹಸಿರಿನ ಒಳಗೇ,
ಯಾರೋ ಬೊಗಸೆ ರಾಗಿ ಚೆಲ್ಲಿದ ಹಾಗೆ
ಕಪ್ಪು ಕಪ್ಪು ಚುಕ್ಕೆ.
ಒರೆಸಿದೆ. ಹೋಗಲಿಲ್ಲ.
ಆಮೇಲೆ ಹೂವನ್ನೂ ನೋಡಿದೆ, ಮೊದಲ ಸಲವೆಂಬಂತೆ:
ಎಸಳು ದಾಟಿ, ಇನ್ನೊಂದು ಕೊಳವೆಯಷ್ಟು ಉದ್ದಕ್ಕೆ
ನಾಲಿಗೆ ಚಾಚಿ ಅಣಕಿಸುವ ಶಲಾಕೆ.

ಪಾವಟೆ. ಇದು ಪಾವಟೆ.
ಮುಬೀನ್‌ತಾಜ್ ಅವತ್ತೇ ಹೇಳಿದ್ದಳು,
ಇದೇ ಬೆಟ್ಟದಲ್ಲಿ, ಡಿಗ್ರಿ ಕೊನೆಯ ವರ್ಷ.
'ಗೊರವಿ ಹಸಿಕಡ್ಡಿಯೇ ದೀವಟಿಗೆ ಥರ ಉರಿಯುತ್ತೆ ಕಣೇ,
ಇದು ನೋಡು, ಬರೀ ಹೊಗೆ.'
ಐದು ಕಡ್ಡಿ ಗೀರಿದಳು ಪಾಪ.
ಬೆಂಕಿಪೊಟ್ಟಣ ತೇವ ಆಗಿದೆ ಅಂದೆ ನಾನು.
ಮಾರ್ಚ್ ತಿಂಗಳು. ಚಿಂತಾಮಣಿಯಲ್ಲಿ. ತೇವ!
ಅಶ್ವತ್ಥರೆಡ್ಡಿ ಮೇಷ್ಟ್ರು ಇಬ್ಬರ ಮುಖ ನೋಡಿ,
ಗಿಡ ನೋಡದೆ, ನನ್ನ ಕಡೆ ತೀರ್ಪು ಕೊಟ್ಟರು.
ನಾನು ಕ್ಲಾಸಿಗೇ ಮೊದಲಿಗಳು.

ಮುನಿಕೃಷ್ಣ ನೋಟ್‌ಬುಕ್ಕಿಗೆ ಎಲೆ ಅಂಟಿಸಿ
ಹೆಸರಿನ ಜಾಗದಲ್ಲಿ 'ಅಮ್ಮ ಆದ ಗಿಡ' ಅಂತ ಬರೆದಿದ್ದ.
ಕೆಂಪು ಪೆನ್ನು ಕೈಯಲ್ಲಿತ್ತು. ತಿದ್ದಲಿಲ್ಲ.

ಸೋಮವಾರ ರಜೆ ಹಾಕಿ ಕಾಲೇಜಿಗೆ ಹೋದೆ.
ಅಟೆಂಡರಿಗೆ ಬೀರುವಿನ ಬೀಗದ ಕೈ ಸಿಗೋಕೆ ಅರ್ಧ ಗಂಟೆ.
ನುಸಿಗುಳಿಗೆ ವಾಸನೆ, ಇಲಿ ಕಡಿದ ದಾರ,
ನಲವತ್ತೊಂದನೇ ಹಾಳೆ.
ಹೂವೆಲ್ಲ ಟೀಪುಡಿ ಬಣ್ಣಕ್ಕೆ ತಿರುಗಿದೆ,
ಎಲೆ ಬೀಡಿಯ ಹಾಗೆ ಕಂದು.
ಚುಕ್ಕೆ ಮಾತ್ರ ಹಾಗೇ ಇವೆ.
ಬೆಳಕಿಗೆ ಹಿಡಿಯುವುದೂ ಬೇಡ, ಬರಿಗಣ್ಣಿಗೇ ಕಾಣುತ್ತಿವೆ,
ಕೆಳಗೆ ನನ್ನ ದುಂಡು ಅಕ್ಷರ, ಕಪ್ಪು ಶಾಯಿ:
ಗೊರವಿ. ಗುರುತಿಸಿದವರು, ನಾನು.

ಶಾಯಿ ಅಳಿಸಲು ಬರುವುದಿಲ್ಲ.
ಪಕ್ಕದಲ್ಲಿ ಪೆನ್ಸಿಲಿನಿಂದ ಪಾವಟೆ ಅಂತ ಬರೆದೆ,
ಅದರ ಕೆಳಗೆ ಅವಳ ಹೆಸರು, ಅಂದಿನ ತಾರೀಖು ಹಾಕಿ.
ಇಷ್ಟಕ್ಕೇ ಕೈ ಬೆವರಿತು.

ಸಂಜೆ ಫೋನು ಮಾಡಿದೆ.
ಶಿಡ್ಲಘಟ್ಟದಲ್ಲಿ ಅವಳದೇ ರೇಷ್ಮೆ ಫಿಲೇಚರ್ ಈಗ,
ಹಿಂದೆ ಗೂಡು ಬೇಯುವ ಕೊತಕೊತ,
ರಾಟೆ ತಿರುಗುವ ಸದ್ದು, ಯಾರಿಗೋ ಬೈಗುಳ.
ಚುಕ್ಕೆಯಿಂದ ಹಿಡಿದು ಬೆಂಕಿಪೊಟ್ಟಣದ ತನಕ
ಒಂದೇ ಉಸಿರಿಗೆ ಒಪ್ಪಿಸಿದೆ.

'ಯಾವ ಗಿಡಾನೇ?' ಅಂದಳು.

ಸ್ವಲ್ಪ ಹೊತ್ತು ರಾಟೆಯೊಂದೇ ಕೇಳಿಸಿತು.
ಆಮೇಲೆ, 'ಹ್ಞಾಂ, ಅವತ್ತು!
ನನ್ನ ಊಟದ ಡಬ್ಬಿ ಬಂಡೆ ಮೇಲೆ ಬಿಟ್ಟು ಬಂದ್ವಲ್ಲ,
ಅಮ್ಮಿ ಕೈಲಿ ಎಷ್ಟು ಬೈಸಿಕೊಂಡಿದ್ದೆ ಗೊತ್ತಾ?
ಅದೇನಾದರೂ ಕಾಣಿಸ್ತಾ ನಿಂಗೆ?
ಮುಚ್ಚಳದ ಮೇಲೆ ಹೆಸರು ಕೊರೆಸಿತ್ತು,
ಗುರುತು ಹಿಡಿಯೋದು ಕಷ್ಟ ಇಲ್ಲ.'